ಅವ್ವ ಒಂದೇ ಸಲ ಕೇಳಿದ್ದಳು

ಸವಣೂರಿನಲ್ಲಿ ನನ್ನ ಅವ್ವನನ್ನು ಹೊಗಳುವವರು ಈಗಲೂ ಸಿಗುತ್ತಾರೆ. ಅವರಲ್ಲಿ ಮುಕ್ಕಾಲು ಮಂದಿ ಅವಳನ್ನು ಕಂಡವರೇ ಅಲ್ಲ. ಮದುವೆ ಮುಂಜಿವೆಗಳಲ್ಲಿ ನಾನು ಇಂಥ ಆಚಾರ್ಯರ ಮಗಳು ಎಂದು ಗುರುತು ಹತ್ತಿದ ಕೂಡಲೇ ಯಾರಾದರೂ ಹತ್ತಿರ ಬಂದು ಕುಳಿತು, ನಿಮ್ಮ ತಾಯಿ ಎಂಥ ಸಾಧ್ವಿಯಂತೆ ಎಂದು ಶುರು ಮಾಡುತ್ತಾರೆ. ಜ್ವರ ಬಂದರೂ ತೊಯ್ದ ಸೀರೆಯ ಮಡಿ ಬಿಡದೆ ದೇವರ ಅಡುಗೆ ಮಾಡಿದಳಂತೆ, ಗಂಡನ ವ್ರತಕ್ಕೆ ಒಂದು ದಿನವೂ ಚ್ಯುತಿ ಬರಗೊಡಲಿಲ್ಲವಂತೆ, ಮುತ್ತೈದೆಯಾಗಿಯೇ ಹೋದಳಂತೆ. ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ನಾನು ಹೂಂ ಎನ್ನುತ್ತೇನೆ. ಆದರೆ ಆಮೇಲೆ ಅಲ್ಲಿಯ ಊಟ ನನಗೆ ಸೇರುವುದಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರಲ್ಲಿ ಅಪ್ಪನ ಜೋಕಾಲಿ. ಅದನ್ನು ದಾಟಿದರೆ ಹಗಲಿನಲ್ಲೂ ಕತ್ತಲೆಯಾಗಿರುತ್ತಿದ್ದ ನಡುಮನೆ. ಅದರಾಚೆ ದೇವರ ಮನೆ, ಅಡುಗೆ ಮನೆ ಒಂದಕ್ಕೊಂದು ಅಂಟಿಕೊಂಡು ಇದ್ದವು. ಹಿತ್ತಿಲಲ್ಲಿ ಬಾವಿ. ಅವ್ವ ಬೆಳಗು ಹರಿಯುವುದರೊಳಗೆ ಆ ಬಾವಿಯ ಕಟ್ಟೆಯ ಮೇಲೆ ನಿಂತು ಕೊಡದಿಂದ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ, ಹಿಂದಿನ ದಿನ ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಡುತ್ತಿದ್ದಳು. ಮಳೆಗಾಲದಲ್ಲಿ ಗಳದ ಮೇಲಿನದು ಒಣಗುತ್ತಿರಲಿಲ್ಲ. ಆಗ ನೀರಲ್ಲಿ ಅದ್ದಿ ಹಿಂಡಿದ ಸೀರೆಯನ್ನೇ ಉಟ್ಟು ಒಲೆಯ ಮುಂದೆ ಕೂಡಬೇಕು. ಅದು ನಮ್ಮ ಮನೆಯ ನೇಮ. ಅಡುಗೆಯಾಗಿ, ನೈವೇದ್ಯವಾಗಿ, ಗಂಡಸರ ಊಟವಾಗಿ, ಬಂದವರ ಎಲೆ ಎತ್ತಿ, ತಾನು ಉಂಡೇಳುವವರೆಗೆ ಆ ಸೀರೆ ಅವಳ ಮೈಮೇಲೆಯೇ ಅರ್ಧ ಒಣಗುತ್ತಿತ್ತು. ಅಲ್ಲಿಯವರೆಗೆ ನಾವು ಮಕ್ಕಳು ಅವಳನ್ನು ಮುಟ್ಟುವಂತಿರಲಿಲ್ಲ. ಅವಳು ಒಳಗಿನಿಂದ ನಮ್ಮ ತಟ್ಟೆಗೆ ಜೋಳದ ಭಕ್ಕರಿಯನ್ನು ಮೇಲಿಂದ ಬಿಡುತ್ತಿದ್ದಳು. ನಾವು ಹೊಸ್ತಿಲಾಚೆ ತಟ್ಟೆ ಹಿಡಿದು ನಿಲ್ಲುತ್ತಿದ್ದೆವು. ಮಧ್ಯಾಹ್ನದ ಮೇಲೆ ನಾನು ಓಡಿಹೋಗಿ ಅವಳ ತೊಡೆಯ ಮೇಲೆ ಬಿದ್ದರೆ ಅವಳ ಕೈ ತಣ್ಣಗೆ ಇರುತ್ತಿತ್ತು, ಬೆರಳ ತುದಿಗಳು ನೆನೆಸಿಟ್ಟ ಕಡಲೆಯ ಹಾಗೆ ಸುಕ್ಕಾಗಿರುತ್ತಿದ್ದವು. ತಾಯಿ ಎಂದರೆ ತಂಪಾಗಿರುವವಳು ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಅಪ್ಪ ದೊಡ್ಡ ಪಂಡಿತರು. ಹಾನಗಲ್ಲು, ಶಿಗ್ಗಾಂವಿ ಕಡೆಯಿಂದಲೂ ಜನ ಬಂದು ಅವರ ಹತ್ತಿರ ಸೂತಕದ್ದೋ, ಮುಹೂರ್ತದ್ದೋ, ವ್ರತದ್ದೋ ಸಂಶಯ ಕೇಳಿಕೊಂಡು ಹೋಗುತ್ತಿದ್ದರು. ಚಾತುರ್ಮಾಸದ ನಾಲ್ಕು ತಿಂಗಳು ಸಂಜೆ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು. ಎತ್ತರದ ಧ್ವನಿ ಅವರದಲ್ಲ. ಮನೆಯಲ್ಲಿ ಅವರು ಯಾರನ್ನೂ ಬೈದದ್ದು, ಹೊಡೆದದ್ದು ನಾನು ಕಂಡಿಲ್ಲ. ಅವ್ವನ ಮೇಲೆ ಅವರಿಗೆ ಎಷ್ಟು ಪ್ರೀತಿಯಿತ್ತೆಂದರೆ, ಸಂಜೆ ಗುಡಿಯಲ್ಲಿ ಹೇಳಬೇಕಾದ ಪುರಾಣವನ್ನು ಮಧ್ಯಾಹ್ನವೇ ಅವಳ ಮುಂದೆ ಒಮ್ಮೆ ಹೇಳಿ ನೋಡುತ್ತಿದ್ದರು. ಅವಳು ಬತ್ತಿ ಹೊಸೆಯುತ್ತ, ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಹಂಸಭಾವಿಯ ಸಾಲಿ ಮಾಸ್ತರರ ಮಗಳು ಅವಳು. ಓದು ಬರಹ ಚೆನ್ನಾಗಿತ್ತು, ನಗುವುದೂ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಬಹಳ ಸಂಸ್ಕೃತ ಆಯಿತು, ಹೆಂಗಸರು ಎದ್ದು ಹೋಗುತ್ತಾರೆ ನೋಡಿ ಎಂದು ಹೇಳುತ್ತಿದ್ದಳು. ಅಪ್ಪ ಅಲ್ಲಿಷ್ಟು ಬಿಟ್ಟು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಗಂಡ ಹೆಂಡತಿ ಹಗಲಿನಲ್ಲಿ ಎದುರುಬದುರು ಕೂತು ಮಾತಾಡುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ನಮ್ಮ ಮನೆಯ ಈ ಮಾತುಕತೆ ಓಣಿಯವರಿಗೆಲ್ಲ ಸೋಜಿಗವಾಗಿತ್ತು. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಕೆಟ್ಟವರಾಗಿದ್ದರೆ ನನಗೆ ಇದನ್ನೆಲ್ಲ ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಮುಂಬಯಿ ಸರಕಾರ ಹೋಗಿ ನಾವು ಮೈಸೂರಿನವರಾದ ಹೊಸತು. ಆ ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಬೇಸಿಗೆಯಲ್ಲಿ ಸ್ವಲ್ಪ ಬಿಟ್ಟಂತೆ ಮಾಡಿ ಮೊದಲ ಮಳೆಗೆ ಮತ್ತೆ ಕೂತುಕೊಂಡಿತು. ಜ್ಯೇಷ್ಠಮಧು, ಶುಂಠಿ ಕಷಾಯ ಎಲ್ಲ ಆಯಿತು. ಕೊನೆಗೆ ದವಾಖಾನೆಯ ಡಾಕ್ಟರರನ್ನು ಮನೆಗೆ ಕರೆಸಿದರು. ಅವರು ಎದೆಗೆ ನಳಿಗೆ ಹಚ್ಚಿ ನೋಡಿದರು; ಔಷಧ ಬರೆದುಕೊಟ್ಟು, ಪಡಸಾಲೆಗೆ ಬಂದು ನಿಂತು, ಔಷಧ ಕೊಡುವುದು ತಮ್ಮ ಕೆಲಸ, ಆದರೆ ತೊಯ್ದ ಬಟ್ಟೆ ಮೈಮೇಲೆ ಇರುವವರೆಗೆ ಅದು ನಾಟುವುದಿಲ್ಲ ಎಂದು ಅಪ್ಪನಿಗೆ ಸ್ಪಷ್ಟವಾಗಿ ಹೇಳಿಹೋದರು. ನಡುಮನೆಯಲ್ಲಿ ಕೂತು ಜಪ ಮಾಡುತ್ತಿದ್ದ ಅಜ್ಜಿ ಇದನ್ನು ಕೇಳಿದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಸಣ್ಣ ವಯಸ್ಸಿಗೆ ಗಂಡನನ್ನು ಕಳಕೊಂಡು, ತಲೆ ಬೋಳಿಸಿಕೊಂಡು, ಇಡೀ ಬದುಕನ್ನು ತೊಯ್ದ ಬಟ್ಟೆಯಲ್ಲೇ ಕಳೆದವಳು. ಅವಳ ಬಾಯಿಗೆ ಓಣಿ ಅಂಜುತ್ತಿತ್ತು. ಅವ್ವ ಸತ್ತ ಮೇಲೆ, ಆ ಮುದುಕಿಯೇ ಸೊಸೆಯನ್ನು ಮಡಿಯಲ್ಲಿ ಕೊಂದಳು ಎಂದು ಊರು ಮಾತಾಡಿಕೊಂಡಿತು. ಆದರೆ ಅವತ್ತು ಎದ್ದುಹೋಗಿ ಟ್ರಂಕಿನಿಂದ ತನ್ನ ಧಾಬಳಿ ತೆಗೆದವಳು ಅಜ್ಜಿಯೇ. ಧಾಬಳಿ ಎಂದರೆ ಉಣ್ಣೆಯ ಮಡಿವಸ್ತ್ರ. ಒಣಗಿದ್ದರೂ ಮಡಿಗೆ ನಡೆಯುತ್ತದೆ, ಆದರೆ ದೇವರ ಅಡುಗೆಗೆ ತೊಯ್ದ ಬಟ್ಟೆಯಷ್ಟು ಶ್ರೇಷ್ಠವಲ್ಲ ಎಂದು ನಮ್ಮಲ್ಲಿ ಲೆಕ್ಕ.

“ಇದನ್ನ ಉಟ್ಕೋವಾ,” ಎಂದಳು ಅವ್ವನಿಗೆ. “ದೇವರು ಏನು ಮಾಡ್ತಾನ ನಾ ನೋಡ್ಕೋತೇನಿ.”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಅಜ್ಜಿಗೆ, ನೀ ಸುಮ್ಮನಿರವ್ವಾ, ನೋಡೋಣಂತ, ಎಂದು ಮೆಲ್ಲಗೆ ಹೇಳಿ ಗುಡಿಗೆ ನಡೆದರು. ಅಜ್ಜಿ ಧಾಬಳಿಯನ್ನು ಮಡಚಿ ಮತ್ತೆ ಟ್ರಂಕಿಗೆ ಹಾಕಿದಳು. ನೋಡೋಣ ಎಂದದ್ದು ಮರುದಿನ ಯಾರಿಗೂ ನೆನಪಿರಲಿಲ್ಲ. ಬೆಳಿಗ್ಗೆ ಬಾವಿಯ ಗಡಗಡಿ ಎಂದಿನಂತೆ ಸದ್ದು ಮಾಡಿತು.

ಆಷಾಢ ಕಾಲಿಟ್ಟು ಜಿಟಿಜಿಟಿ ಹಿಡಿದಿತ್ತು. ಚಾತುರ್ಮಾಸ ಶುರುವಾಗಿ, ಕಾಯಿಪಲ್ಲೆ ತಿನ್ನದ ಮೊದಲ ತಿಂಗಳು. ಅಂಥದರಲ್ಲೂ ಅವ್ವ ಹೆಸರುಬೇಳೆಯ ತವ್ವೆ, ಮೆಣಸಿನ ಸಾರು, ಹಯಗ್ರೀವ ಮಾಡಿ ಎಲೆ ತುಂಬಿಸುತ್ತಿದ್ದಳು. ಒಂದು ದಿನ ಹಾನಗಲ್ಲ ಕಡೆಯ ಒಂದು ಹಳ್ಳಿಯ ಕುಲಕರ್ಣಿ ಬಂದರು. ಊಟಕ್ಕೆ ಕೂತಾಗ ಅವರು ತಮ್ಮ ಸಂಕಟ ತೆಗೆದರು. ಹೆಂಡತಿಗೆ ಕೆಮ್ಮು ಬಿಡುತ್ತಿಲ್ಲ, ಡಾಕ್ಟರು ತೊಯ್ದ ಬಟ್ಟೆ ಬೇಡ ಎಂದಿದ್ದಾರೆ, ಮನೆಯಲ್ಲಿ ದೇವರ ಅಡುಗೆಗೆ ಬೇರೆ ಯಾರೂ ಇಲ್ಲ, ಏನು ಮಾಡಲಿ ಎಂದು ಕೇಳಿದರು. ಅವ್ವ ಆಗ ಅವರ ಎಲೆಗೆ ತುಪ್ಪ ಬಡಿಸುತ್ತಿದ್ದಳು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಅವಳು ನಡೆದ ದಾರಿ ಕಾಣುತ್ತಿತ್ತು. ನಾನು ಬಾಗಿಲಲ್ಲಿ ಕೂತಿದ್ದೆ.

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ ಹೇಳಿದರು:

“ಅದಕ್ಯಾಕ ಇಷ್ಟು ಚಿಂತಿ ಮಾಡ್ತೀರಿ? ಅಶಕ್ತರಿಗೆ ಆ ನೇಮ ಇಲ್ಲ. ಧಾಬಳಿ ಉಟ್ಕೊಳ್ಳಲಿ. ಅದೂ ಇಲ್ಲಂದ್ರ ಒಣಗಿದ ಸೀರಿ ಉಟ್ಟು ಮಾಡಲಿ. ಹೆಂಗಸರ ಜೀವಾ ತಗೊಂಡು ದೇವರಿಗೆ ಏನಾಗಬೇಕಾಗೇದ?”

ಕುಲಕರ್ಣಿಯವರ ಕಣ್ಣಲ್ಲಿ ನೀರು ಬಂತು. ಎದೆಯ ಮೇಲಿನ ಕಲ್ಲು ಇಳಿಸಿದಿರಿ ಎಂದರು. ಅಪ್ಪ ಆಧಾರಕ್ಕೆಂದು ಒಂದು ಶ್ಲೋಕವನ್ನೂ ಹೇಳಿ ಅದರ ಅರ್ಥ ಬಿಡಿಸಿದರು. ಅವ್ವ ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಹೋದಳು. ಒಳಗೆ ಹೋಗಿ ಬಾಗಿಲ ಹಿಂದೆ ನಿಂತು, ಅತಿಥಿಗೆ ಕೇಳಿಸದಂತೆ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು.

ಅವರು ಹೋದ ಮೇಲೆ ಅಪ್ಪ ಜೋಕಾಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಊಟದ ಸ್ಥಳ ಸಾರಿಸುತ್ತಿದ್ದೆ. ಅವ್ವ ಉಂಡು ಸೀರೆ ಬದಲಿಸಿಕೊಂಡು ಬಂದು ನಡುಮನೆಯ ಹೊಸ್ತಿಲ ಮೇಲೆ ಕೂತಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಿಂದ ಬೆಲ್ಲ ತರಿಸಬೇಕೇ ಎಂದು ಕೇಳುವ ಹಾಗೆ ಕೇಳಿದಳು.

“ಹಾನಗಲ್ಲಿನವರ ಮನಿಯಾಕಿಗೆ ಹೇಳಿದ್ದು ನನಗೂ ನಡೀತದೇನ್ರಿ?”

ಜೋಕಾಲಿ ನಿಂತಿತು. ಅಪ್ಪ ಎಲೆಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡರು.

“ಅದು ಅವರ ಮನಿ,” ಎಂದರು. “ನಾ ಮಂದಿಗೆ ಹೇಳೂದು ಬ್ಯಾರೆ. ನಮ್ಮ ಮನ್ಯಾಗ ಬಿಟ್ಟರ ನನ್ನ ಮಾತಿಗೆ ಏನು ಉಳೀತದ? ಆಚಾರ್ರ ಹೆಂಡ್ತಿನ ಒಣಾ ಸೀರ್ಯಾಗ ದೇವರ ಅಡಿಗಿ ಮಾಡ್ತಾಳಂತ ಅಂದ್ರ ನಾ ಗುಡ್ಯಾಗ ಯಾವ ಬಾಯಿಲೆ ಪುರಾಣ ಹೇಳಲಿ? ಈ ಚಾತುರ್ಮಾಸ ಒಂದು ಮುಗೀಲಿ. ಆಮ್ಯಾಲ ನೋಡೋಣ.”

“ಆತು ಬಿಡ್ರಿ,” ಎಂದಳು ಅವ್ವ. ಅಷ್ಟೇ. ಆಮೇಲೆ, ಇವತ್ತಿನ ಕಥೆ ಯಾವುದು ಹೇಳಿ ಎಂದಳು. ಅಪ್ಪ ಹೇಳತೊಡಗಿದರು. ಅವಳು ಬತ್ತಿ ಹೊಸೆಯುತ್ತ ಕೇಳಿದಳು.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ನಮ್ಮ ಕಡೆಯ ರೂಢಿ. ಹಿರೇಕೆರೂರಿನ ಹತ್ತಿ ವಖಾರಿಯಲ್ಲಿ ಗುಮಾಸ್ತನಾಗಿದ್ದ ಮಾಮಾ, ಅವ್ವನ ಅಣ್ಣ, ಬಂದ. ಅವ್ವನ ಮುಖ ನೋಡಿದ ಕೂಡಲೇ ಹೊರಡುವ ಮಾತು ತೆಗೆದ. ಹಬ್ಬದ ನೆವದಿಂದ ಅವ್ವನನ್ನೂ ನನ್ನನ್ನೂ ಹಂಸಭಾವಿಗೆ ಕರೆದುಕೊಂಡು ಹೋದ. ನನ್ನ ಅಣ್ಣನಿಗೆ ಸಾಲೆ ಇತ್ತು. ಅವನು ಅಪ್ಪ ಮತ್ತು ಅಜ್ಜಿಯ ಹತ್ತಿರ ಉಳಿದ. ಅಡುಗೆಗೆ ದೂರದ ಸಂಬಂಧಿಯೊಬ್ಬಳನ್ನು ಕರೆಸಿದರು.

ಹಂಸಭಾವಿಯ ಆ ದಿನಗಳಂಥವು ನನ್ನ ಬಾಲ್ಯದಲ್ಲಿ ಬೇರೆ ಇಲ್ಲ. ಅವ್ವನ ತವರಿನಲ್ಲಿ ಮಡಿ ಇತ್ತು, ಆದರೆ ಅದನ್ನು ಮಾಮಿ ನೋಡಿಕೊಳ್ಳುತ್ತಿದ್ದಳು. ಅವ್ವನನ್ನು ಒಲೆಯ ಹತ್ತಿರ ಬರಗೊಡಲಿಲ್ಲ. ಅವಳು ಮಾಮಿಯ ಇಳಕಲ್ ಸೀರೆ ಉಟ್ಟು, ಬಿಸಿಲು ಬಿದ್ದಾಗ ಅಂಗಳಕ್ಕೆ ಚಾಪೆ ಹಾಸಿ ಕೂಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಯಾವಾಗ ಬೇಕಾದರೂ ಅವಳನ್ನು ಮುಟ್ಟಬಹುದಿತ್ತು. ನಾನು ಸುಮ್ಮಸುಮ್ಮನೆ ಹೋಗಿ ಮುಟ್ಟಿ ಬರುತ್ತಿದ್ದೆ. ಅವಳ ಕೈ ಬೆಚ್ಚಗಾಗಿತ್ತು. ಅಳ್ಳಿಟ್ಟು, ತಂಬಿಟ್ಟು ತಿಂದಳು, ಜೋಕಾಲಿ ಕಟ್ಟಿದ ಬೇವಿನ ಮರದ ಕೆಳಗೆ ನಿಂತು ಹುಡುಗಿಯರಿಗೆ ಹಾಡು ಹೇಳಿಕೊಟ್ಟಳು. ಕೆಮ್ಮು ಬೆಳಗಿನ ಹೊತ್ತು ಒಂದಿಷ್ಟು ಬರುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ದೀಪಾವಳಿಯವರೆಗೆ ಕಳಿಸುವುದಿಲ್ಲ ಎಂದು ಮಾಮಾ ಹೇಳುತ್ತಿದ್ದ.

ಒಂದು ಮಧ್ಯಾಹ್ನ ನನ್ನ ತಲೆ ಹಿಕ್ಕುತ್ತಿದ್ದಾಗ ನಾನು ಅವಳನ್ನು ಕೇಳಿದೆ. ಅಪ್ಪ ಬೇಡ ಎಂದಾಗ ನೀನು ಮತ್ತೊಮ್ಮೆ ಯಾಕೆ ಕೇಳಲಿಲ್ಲ ಎಂದು. ಅವಳ ಕೈ ನನ್ನ ಕೂದಲಲ್ಲಿ ನಿಂತಿತು. ಈ ಹುಡುಗಿ ಅವತ್ತು ಕೇಳಿಸಿಕೊಂಡಿದೆ ಎಂಬುದು ಅವಳಿಗೆ ಆಗಲೇ ತಿಳಿದದ್ದು.

“ಎರಡನೇ ಸಲ ಕೇಳಿದ್ರ ಅವರು ಹೂಂ ಅಂದುಬಿಡ್ತಿದ್ರು,” ಎಂದಳು. “ಆಮ್ಯಾಲ ಊರಾಗ ತಲಿ ತಗ್ಗಿಸಿ ಅಡ್ಡಾಡತಿದ್ರು. ಅದನ್ನ ನನ್ನ ಕೈಲೆ ನೋಡ್ಲಿಕ್ಕೆ ಆಗೂದಿಲ್ಲ.”

ಅವಳು ಇದನ್ನು ಹೆಮ್ಮೆಯಿಂದ ಹೇಳಿದಳು. ಆಗ ನನಗೂ ಹೆಮ್ಮೆಯೆನಿಸಿತು. ಈಗ ಆ ಹೆಮ್ಮೆ ನೆನಪಾದರೆ ಮೈ ಉರಿಯುತ್ತದೆ. ಒಬ್ಬ ಮನುಷ್ಯ ತಲೆ ತಗ್ಗಿಸಬಾರದೆಂದು ಅವಳು ಒಂಬತ್ತು ವರ್ಷದ ಮಗಳನ್ನು ಮರೆತಳು. ಅಪ್ಪನ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ಅವಳಿಗೂ ಸೇರಬೇಕು. ಅದನ್ನು ನಾನು ಬಚ್ಚಿಡುವುದಿಲ್ಲ.

ಕೃಷ್ಣಾಷ್ಟಮಿಗೆ ಇನ್ನೂ ದಿನಗಳಿರುವಾಗಲೇ ಅಪ್ಪ ಬಂದರು. ಯಾರನ್ನೂ ಕಳಿಸಲಿಲ್ಲ, ತಾವೇ ಸರಕಾರಿ ಬಸ್ಸಿನಲ್ಲಿ ಮಳೆಯಲ್ಲಿ ಬಂದರು. ಬಡವಾಗಿದ್ದರು. ಸಂಬಂಧಿಯ ಕೈಯ ಅಡುಗೆ ಒಗ್ಗುತ್ತಿಲ್ಲ ಎಂದರು. ಅಷ್ಟಮಿಯ ದಿನ ಊರೆಲ್ಲ ಬರುತ್ತದೆ ಎಂದರು. ಮಾಮಾ ಎಂದೂ ಇಲ್ಲದ ಧೈರ್ಯ ತಂದುಕೊಂಡು, ಅವಳ ಮೈ ಇನ್ನೂ ಸುಧಾರಿಸಿಲ್ಲ, ಈ ಮಳೆಗಾಲ ಕಳೆಯಲಿ ಎಂದು ಬೇಡಿಕೊಂಡ. ಅಪ್ಪ ಕೆಳಗೆ ನೋಡಿದರು. ಆಮೇಲೆ ಮೆಲ್ಲಗೆ, ಆದರೆ ಒಳಗೆ ಅವ್ವನಿಗೆ ಕೇಳಿಸುವ ಹಾಗೆ, ಪುರಾಣ ಸರಿಯಾಗಿ ಬರುತ್ತಿಲ್ಲ, ಜನ ನಡುವೆಯೇ ಎದ್ದು ಹೋಗುತ್ತಿದ್ದಾರೆ ಎಂದರು.

ಅವ್ವ ಆಗಲೇ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಂಸಭಾವಿಯಲ್ಲೂ ಕಂಡಿರಲಿಲ್ಲ.

ಅಷ್ಟಮಿ ಚೆನ್ನಾಗಿ ಆಯಿತು. ಚಕ್ಕುಲಿ, ಉಂಡೆ, ಕೋಡುಬಳೆ ಎಲ್ಲ ಅವಳ ಕೈಯಿಂದಲೇ. ಅನಂತ ಚತುರ್ದಶಿಯ ಹೊತ್ತಿಗೆ ಕೆಮ್ಮಿನಲ್ಲಿ ಕೆಂಪು ಕಂಡಿತು. ನವರಾತ್ರಿಯಲ್ಲಿ ಅವಳು ಗೋಡೆ ಹಿಡಿದು ಬಾವಿಗೆ ಹೋಗುತ್ತಿದ್ದಳು. ಅಜ್ಜಿ ತಾನೇ ಒಲೆ ಹಚ್ಚಲು ಹೋದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಕೈ ಸುಟ್ಟುಕೊಂಡಳು. ಅಪ್ಪ ಹುಬ್ಬಳ್ಳಿಯಿಂದ ಔಷಧ ತರಿಸಿದರು, ಮೃತ್ಯುಂಜಯ ಜಪ ಮಾಡಿಸಿದರು, ಅವಳ ಪಕ್ಕದಲ್ಲಿ ಕೂತು ಕಾಲು ಒತ್ತಿದರು. ಗಂಡಸು ಹೆಂಡತಿಯ ಕಾಲು ಒತ್ತುವುದನ್ನು ನಾನು ಕಂಡದ್ದು ಅದೇ ಮೊದಲು. ಅವರು ಎಲ್ಲವನ್ನೂ ಮಾಡಿದರು. ಆ ಒಂದು ಮಾತು ಮಾತ್ರ ಹೇಳಲಿಲ್ಲ. ಕಾರ್ತಿಕದಲ್ಲಿ ತುಳಸಿ ಮದುವೆಯಾಗಿ ಚಾತುರ್ಮಾಸ ಮುಗಿಯಿತು. ಮುಗಿದ ಮೇಲೆ ನೋಡೋಣ ಎಂದದ್ದು ಅವರಿಗೆ ನೆನಪಾಗಲಿಲ್ಲ. ಅವ್ವ ನೆನಪು ಮಾಡಲಿಲ್ಲ. ಚಳಿ ಬಿದ್ದ ಒಂದು ಬೆಳಿಗ್ಗೆ ಬಾವಿಯ ಕಟ್ಟೆಯ ಹತ್ತಿರ ಕುಸಿದು ಕೂತವಳು ಮತ್ತೆ ಏಳಲಿಲ್ಲ. ಒಳಗೆ ತಂದು ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಹೋದಳು. ಅವಳ ಮೈಮೇಲಿನ ಸೀರೆ ಇನ್ನೂ ಹಸಿಯಾಗಿತ್ತು.

ಅಪ್ಪ ಮಗುವಿನ ಹಾಗೆ ಅತ್ತರು. ವಯಸ್ಸಿನ್ನೂ ಇದ್ದರೂ ಎರಡನೆಯ ಮದುವೆಯ ಮಾತು ಎತ್ತಿದವರನ್ನು ಮನೆಯೊಳಗೆ ಕರೆಯಲಿಲ್ಲ. ಅದಕ್ಕೂ ಊರು ಅವರನ್ನು ಹೊಗಳಿತು. ಗುಡಿಯಲ್ಲಿ ಮತ್ತೆ ಪುರಾಣ ಶುರುವಾದಾಗ ಅವರು ಪತಿವ್ರತೆಯರ ಕಥೆ ಬಂದಲ್ಲೆಲ್ಲ ಅವ್ವನ ಮಾತು ತೆಗೆದರು. ಸಾಯುವ ದಿನದವರೆಗೆ ಅವಳು ಮಡಿ ಬಿಡಲಿಲ್ಲ ಎಂದು ಗದ್ಗದಿತರಾಗಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಯಾರೂ ನಡುವೆ ಎದ್ದು ಹೋಗಲಿಲ್ಲ. ಊರು ಅಜ್ಜಿಯ ಬೆನ್ನ ಹಿಂದೆ ಮಾತಾಡಿಕೊಂಡದ್ದು ಅಪ್ಪನ ಕಿವಿಗೂ ಬಿದ್ದಿರಬೇಕು. ಅವರು ಇಲ್ಲ ಎನ್ನಲಿಲ್ಲ, ಅಜ್ಜಿಯೂ ಬಾಯಿ ಬಿಡಲಿಲ್ಲ.

ಮರುವರ್ಷ ಶ್ರಾವಣದ ಮಳೆಗೆ ಅಪ್ಪನಿಗೆ ನೆಗಡಿಯಾಗಿ ಮೈ ಬಿಸಿಯಾಯಿತು. ಬೆಳಿಗ್ಗೆ ಅವರು ಧಾಬಳಿ ಉಟ್ಟು ಪೂಜೆಗೆ ಕೂತರು. ಅಜ್ಜಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, ಕೈಯಿಂದ ಬಟ್ಟೆಯನ್ನು ಸವರಿ ಖಾತ್ರಿ ಮಾಡಿಕೊಂಡಳು.

“ಈಗ ನಡೀತದೇನಪಾ?” ಎಂದಳು.

“ಅಶಕ್ತರಿಗೆ ದೋಷ ಇಲ್ಲವ್ವಾ,” ಎಂದು ಅಪ್ಪ ಗಂಟೆ ಕೈಗೆ ತೆಗೆದುಕೊಂಡರು. ಅವರ ಮುಖದಲ್ಲಿ ಏನೂ ಇರಲಿಲ್ಲ. ಅಜ್ಜಿ ಅದೇ ಮಾಘದಲ್ಲಿ ತೀರಿಕೊಂಡಳು. ಆ ವೇಳೆಗೆ ಒಲೆಯ ಮುಂದೆ ನಾನು ಕೂಡುತ್ತಿದ್ದೆ, ಮದುವೆಯಾಗಿ ಹಿರೇಬೆಂಡಿಗೇರಿಯ ಸಾಲಿ ಮಾಸ್ತರರ ಮನೆಗೆ ಹೋಗುವವರೆಗೆ ಕೂತೆ. ನನ್ನ ಎದೆ ಗಟ್ಟಿಯಿತ್ತು, ಏನೂ ಆಗಲಿಲ್ಲ.

ಪಿತೃಪಕ್ಷದಲ್ಲಿ ಅವಿಧವಾ ನವಮಿಯ ದಿನ, ಮುತ್ತೈದೆಯರಾಗಿ ಸತ್ತವರ ಹೆಸರಿನಲ್ಲಿ ಮುತ್ತೈದೆಯರಿಗೆ ಊಟ ಹಾಕುತ್ತಾರೆ. ನಮ್ಮ ಮನೆಯ ನವಮಿ ಊರಿನ ಹಬ್ಬದಂತಾಗಿತ್ತು. ನಾನು ಪ್ರತಿ ವರ್ಷ ಬಸ್ಸು ಹತ್ತಿ ಬಂದು ಬಡಿಸಿ ಹೋಗುತ್ತಿದ್ದೆ. ಅಣ್ಣನ ಮದುವೆಯಾದ ಮೊದಲ ವರ್ಷದ ನವಮಿ ಅದು. ವೈನಿ, ಅಣ್ಣನ ಹೆಂಡತಿ, ಬಸುರಿ. ಬೆಳಗಿನಿಂದ ಮಳೆ. ಅವಳು ತೊಯ್ದ ಸೀರೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು, ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಮುತ್ತೈದೆಯರು ಎಲೆಯ ಮುಂದೆ ಕೂತಾಗ ಅಪ್ಪ ಎಂದಿನಂತೆ ಅವ್ವನ ಕಥೆ ಹೇಳಿದರು. ಕೊನೆಗೆ ಅಡುಗೆಮನೆಯ ಕಡೆ ಕೈ ಮಾಡಿ, ನಮ್ಮ ಸೊಸೆಯೂ ಅತ್ತೆಯ ಹಾದಿಯನ್ನೇ ಹಿಡಿದಿದ್ದಾಳೆ ಎಂದು ಸಂತೋಷಪಟ್ಟರು.

ನಾನು ಹೋಳಿಗೆಯ ಬುಟ್ಟಿ ಕೆಳಗಿಟ್ಟೆ.

“ಅಪ್ಪಾ, ಅವ್ವ ಮಡಿ ಬಿಡ್ಲಿಕ್ಕೆ ನಿಮ್ಮ ಅಪ್ಪಣಿ ಕೇಳಿದ್ಲು. ನೀವು ಬ್ಯಾಡ ಅಂದ್ರಿ.”

ಎಲೆಗಳ ಮೇಲಿನ ಕೈಗಳು ನಿಂತವು. ಅಪ್ಪ ನನ್ನನ್ನು ನೋಡಿದರು. ಅವರು ಸಿಟ್ಟಾಗುತ್ತಾರೆ, ಇಲ್ಲವೇ ಮುಖ ತಪ್ಪಿಸುತ್ತಾರೆ ಎಂದುಕೊಂಡಿದ್ದೆ.

“ಇಲ್ಲವಾ,” ಎಂದರು, ನಿಜವಾಗಿ ಬೆರಗಾಗಿ. “ಆಕಿ ಎಂದೂ ಹಂಗ ಕೇಳಲಿಲ್ಲ. ಕೇಳಿದ್ರ ನನಗ ನೆನಪಿರ್ತಿತ್ತು.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಒಳಗೆ ಹೋಗಿ ವೈನಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ನನ್ನ ಚೀಲದಲ್ಲಿದ್ದ ಒಣ ಸೀರೆ ಉಡಿಸಿ ಕೋಣೆಯಲ್ಲಿ ಮಲಗಿಸಿದೆ. ಉಳಿದ ಹೋಳಿಗೆಯನ್ನು ನಾನು ಬೇಯಿಸಿದೆ, ಉಟ್ಟ ಬಟ್ಟೆಯಲ್ಲೇ. ಮುತ್ತೈದೆಯರು ತಲೆ ಎತ್ತದೆ ಉಂಡು, ಉಡಿ ತುಂಬಿಸಿಕೊಂಡು, ಬೇಗ ಬೇಗ ಹೋದರು.

ಮಧ್ಯಾಹ್ನ ಅಪ್ಪ ನನ್ನನ್ನು ಪಡಸಾಲೆಗೆ ಕರೆದರು. ಕೂತುಕೋ ಎಂದರು. ನಾನು ನಿಂತೇ ಇದ್ದೆ.

“ಆಕಿ ಖರೇನ ಕೇಳಿದ್ಲೇನು?”

ಹೌದು ಎಂದೆ. ನಾನು ಅಲ್ಲೇ ಇದ್ದೆ, ನನ್ನ ಕಿವಿಯಿಂದ ಕೇಳಿದೆ ಎಂದೆ. ಅವರು ತಲೆ ಬಗ್ಗಿಸಿ ನೆಲ ನೋಡಿದರು. ತಪ್ಪಾಯಿತು ಎಂಬ ಮಾತನ್ನು ಇಷ್ಟು ವರ್ಷ ಕಾದಿದ್ದೆ. ಅದು ಈಗ ಬರುತ್ತದೆ ಎಂದುಕೊಂಡೆ. ಅವರು ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು, ಆದರೆ ಅದರ ಹಿಂದೆ ಇದ್ದದ್ದು ಬೇರೆ, ಹಸಿದವರ ಮುಖದಲ್ಲಿ ಇರುವಂಥದ್ದು.

“ಏನಂತ ಕೇಳಿದ್ಲು?” ಎಂದರು. “ಆಕಿ ಹ್ಯಾಂಗ ಅಂದಿದ್ಲೋ ಹಂಗ ಹೇಳವಾ. ಈಗೀಗ ಆಕಿ ಮಾತು ಒಂದೂ ನೆನಪಿಗೆ ಬರವಲ್ದು. ಧ್ವನಿನೂ ಹೋಗೇದ. ಅದೊಂದರೆ ಹೇಳು.”

ನನಗೆ ಅಕ್ಷರ ಅಕ್ಷರ ನೆನಪಿತ್ತು. ಧ್ವನಿಯೂ ನೆನಪಿತ್ತು, ಎಲ್ಲಿ ತಡೆದು ಎಲ್ಲಿ ಕೆಮ್ಮು ನುಂಗಿಕೊಂಡಳು ಎಂಬುದೂ. ಆ ಮಾತು ಸಿಕ್ಕರೆ ಮುಂದಿನ ನವಮಿಗೆ ಅದೂ ಕಥೆಯೊಳಗೆ ಸೇರುತ್ತದೆ, ಹೆಂಗಸರು ಅದಕ್ಕೂ ಅಳುತ್ತಾರೆ ಎಂದು ನನಗೆ ಗೊತ್ತಿತ್ತು. ಬಸ್ಸಿನ ಹೊತ್ತಾಯಿತು ಎಂದು ಹೇಳಿ ಚೀಲ ತೆಗೆದುಕೊಂಡೆ.

ಅಪ್ಪ ಆಮೇಲೆಯೂ ಬಹಳ ವರ್ಷ ಬದುಕಿದರು. ನಾನು ಹೋದಾಗಲೆಲ್ಲ ಒಂದಲ್ಲ ಒಂದು ನೆವದಿಂದ ನನ್ನ ಹತ್ತಿರ ಬಂದು ಕೂತು, ಊರ ಮಾತು ಮುಗಿಸಿ, ಸುಮ್ಮನೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡನೆಯ ಸಲ ಅವರೂ ಕೇಳಲಿಲ್ಲ. ನಾನು ಹೇಳಲಿಲ್ಲ.